ಬಾವುಟಕ್ಕೆ ಹಾಕಿದ ಗಂಟು

ಹಗ್ಗ ತಣ್ಣಗಿದೆ, ಕರುವಿನ ಕುತ್ತಿಗೆಯಿಂದ ಬಿಚ್ಚಿದ ಒದ್ದೆ ಹಗ್ಗದ ಹಾಗೆ, ಎಳೀರಿ ಕೆರಿಯಮ್ಮ ಅಂತಾರೆ ಹೆಡ್‌ಮಾಸ್ಟರು ಮುಕುಂದಯ್ಯ, ಎಳೆದೆ, ಇನ್ನೊಂದು ಸಲ ಎಳೆದೆ, ಮೇಲೆ ಬಾವುಟ ಮುದ್ದೆಯಾಗಿಯೇ ಕೂತಿದೆ — ಅಯ್ಯೋ ನನ್ನ ಬುದ್ಧಿಗಿಷ್ಟು, ನಾನೇ ಕಟ್ಟಿದ್ದಲ್ಲವೇ, ಬೆಳಿಗ್ಗೆ ಮೇಷ್ಟ್ರು ನೀವು ಮುಳುಗಡೆಯವರು, ದೇಶಕ್ಕೆ ಮನೆ ಕೊಟ್ಟವರು, ಈ ಆಗಸ್ಟ್ ಹದಿನೈದಕ್ಕೆ ಕಟ್ಟೋದೂ ನೀವೇ ಹಾರ್ಸೋದೂ ನೀವೇ ಅಂದಾಗ ಕಣ್ಣು ತುಂಬಿ ಬಂತು, ಬಾವುಟದ ಮಡಿಕೆಯೊಳಗೆ ನಮ್ಮ ಹಿತ್ತಿಲಿನ ಡೇರೆ ಹೂವಿನ ಎಸಳು ಇಟ್ಟೆ, ಜೀರುಗಂಟು ಹಾಕಿ, ಒಂದೇ ಎಳೆತಕ್ಕೆ ಬಿಚ್ಚಬೇಕು ಅಂದಿದ್ದರು, ಆದರೆ ಗಾಳಿಗೆ ಬಿಚ್ಚಿಕೊಂಡು ನೆಲಕ್ಕೆ ಬಿದ್ದರೆ ಅಂತ ನನಗೆ ಭಯ, ಕೈ ತಾನಾಗಿ ಹುಲ್ಲಿನ ಹೊರೆಗೆ ಹಾಕುವ ಗಂಟು ಹಾಕಿಬಿಟ್ಟಿತು, ಎಳೆದಷ್ಟೂ ಬಿಗಿಯುವ ಗಂಟು, ಅದೇ ಗಂಟು, ಆಗ ನನಗೆ ಎಂಟು ವರ್ಷ, ಹೊನ್ನೆಮರಡಿನ ಹತ್ತಿರ ನಮ್ಮ ಮನೆ, ಕರುವನ್ನು ಜಗಲಿಯ ಕಂಬಕ್ಕೆ ಕಟ್ಟಿದ್ದೆ, ಅಣೆಕಟ್ಟೆಯ ನೀರು ಅಂಗಳಕ್ಕೆ ಬಂದಿತ್ತು, ಅಪ್ಪ ಬಿಚ್ಚಲು ನೋಡಿದ, ಬರಲಿಲ್ಲ, ಕತ್ತಿಯಿಂದ ಕೊಯ್ದ, ಕಂಬದಲ್ಲಿ ಗೇಣುದ್ದ ಹಗ್ಗ ಉಳಿಯಿತು, ಅಳಬ್ಯಾಡ ಮಗಾ, ದೇಶಕ್ಕೆ ಕರೆಂಟು ಬೇಕಂತೆ, ನಾವು ಕೊಟ್ಟಿದ್ದು ಅಂತ ಹೇಳ್ಕಂಡು ತಿರುಗ್ಬಹುದು ಅಂದ, ಸರ್ಕಾರದವರೇ ಹೊಸನಗರದ ಈ ಗುಡ್ಡ ತೋರಿಸಿದರು, ಬಂದೆವು, ನಾನೂ ಹಾಗೆ ಹೇಳಿಕೊಂಡೇ ತಿರುಗಿದೆ, ಸುಳ್ಳೇನಲ್ಲ, ಇವತ್ತಿಗೂ ಆ ಮೂರು ಬಣ್ಣ ಕಂಡರೆ ಎದೆ ಉಬ್ಬುತ್ತದೆ — ಸೆರಗಿನ ತುದಿಯಲ್ಲಿ ನೋಟಿಸು ಇದೆ, ನೀವು ಕಾಡಿನ ಜಾಗ ಅತಿಕ್ರಮಿಸಿದವರು, ಹದಿನೈದು ದಿನದಲ್ಲಿ ಮನೆ ಬಿಡಿ, ಅದನ್ನು ಕೊಟ್ಟ ಫಾರೆಸ್ಟಿನ ಸಾಹೇಬರು ಅಗೋ ಮುಂದಿನ ಸಾಲಿನಲ್ಲಿ, ಸೆಲ್ಯೂಟಿಗೆ ಎತ್ತಿದ ಕೈ ಇಳಿಸಲೂ ಆಗದೆ ನಿಂತಿದ್ದಾರೆ, ಪಾಪ.

ಬಾವುಟ ಕೆಳಗಿಳಿಸಿದರು. ಮೊಮ್ಮಗಳು ಸೌಜನ್ಯ ಸಾಲು ಬಿಟ್ಟು ಓಡಿ ಬಂದಳು, ಅಜ್ಜೀ ನಾ ಹಿಡ್ಕತ್ತೀನಿ ನೀ ಬಿಚ್ಚು, ಬಟ್ಟೆ ಅವಳ ತೋಳಿನಲ್ಲಿ, ನೆಲ ಮುಟ್ಟದ ಹಾಗೆ, ಕೂಸನ್ನು ಎತ್ತಿಕೊಂಡ ಹಾಗೆ, ಹಲ್ಲಿನಿಂದ ಗಂಟು ಸಡಿಲಿಸಿದೆ, ಜೀರುಗಂಟು ಹಾಕಿದೆ, ಮೇಲೇರಿಸಿ ಎಳೆದೆ, ಹಾರಿತು, ಎಸಳು ಸಾಹೇಬರ ಟೋಪಿಯ ಮೇಲೂ ನನ್ನ ತಲೆಯ ಮೇಲೂ, ಭೇದ ಮಾಡದೆ, ಎಷ್ಟು ಚಂದ ನಮ್ಮ ಬಾವುಟ, ಮೈಕು ಬಂತು, ಕೈಯಲ್ಲಿ ಮೇಷ್ಟ್ರು ಬರೆದುಕೊಟ್ಟ ಚೀಟಿ, ದೇಶಕ್ಕಾಗಿ ಸಂತೋಷದಿಂದ ಮನೆ ಕೊಟ್ಟೆವು, ಅಷ್ಟು ಓದಿ ಸಾಕು, ಸಾಹೇಬ್ರ ಮನ್ಸು ಕರಗಿದ್ರೂ ಕರಗ್ಬಹುದು ಕೆರಿಯಮ್ಮ ಅಂದಿದ್ದರು, ಒಳ್ಳೆಯ ಮನುಷ್ಯ, ಓದಿದರೆ ಈ ಮನೆ ಉಳಿದೀತೇನೋ, ಸೌಜನ್ಯ ನೋಡುತ್ತಿದ್ದಾಳೆ, ಆಗ ನಾನೂ ಇವಳಷ್ಟೇ ಇದ್ದೆ — ಕೊಟ್ಟಿದ್ದು ಹೌದು ಸ್ವಾಮಿ, ಅತ್ಕಂಡು ಕೊಟ್ಟಿದ್ದು, ಇನ್ನೊಂದ್ ಸಲ ಕೊಡಕ್ಕೆ ಆಗಲ್ಲ — ನನ್ನ ದನಿಯೇ ಅದು, ಇಷ್ಟು ದೊಡ್ಡದಾಗಿ, ಸಾಹೇಬರು ಟೋಪಿ ತೆಗೆದು ಅದರ ಮೇಲಿನ ಎಸಳು ನೋಡುತ್ತಿದ್ದಾರೆ, ಮೇಲೆ ಬಾವುಟ ಪಟಪಟ, ಅಲ್ಲಿ ಹೊನ್ನೆಮರಡಿನ ನೀರಿನ ಕೆಳಗೆ ಜಗಲಿ, ಜಗಲಿಯ ಕಂಬ, ಕಂಬದಲ್ಲಿ ಗೇಣುದ್ದ ಹಗ್ಗ, ನಾನು ಹಾಕಿದ ಗಂಟು, ಬಿಚ್ಚಿಲ್ಲ