ಪಕ್ಕದಿಂದ ತೆಗೆದ ಚಿತ್ರ

೧೯೪೬ರ ಬೇಸಿಗೆ ರಜೆಗೆ ಸಿರಾಜುನ್ನಿಸಾ ಮುಂಬಯಿಯಿಂದ ದಾಂಡೇಲಿಗೆ ಬಂದಾಗ ಅವಳ ಬೆರಳ ತುದಿಗಳು ಕಂದುಬಣ್ಣಕ್ಕೆ ತಿರುಗಿದ್ದವು. ಫಿಲ್ಮು ತೊಳೆಯುವ ಔಷಧದ ಕಲೆ ಅದು. ತಾಯಿ ದೌಲತಬಿ ಹುಣಸೆಹಣ್ಣು ಹಚ್ಚಿ ತಿಕ್ಕಿದರೂ ಹೋಗಲಿಲ್ಲ. ವೈದ್ಯಕೀಯ ಕಾಲೇಜಿನ ಎಕ್ಸ್‌ರೇ ತರಗತಿಯಲ್ಲಿ ಹನ್ನೊಂದು ಗಂಡಸರ ನಡುವೆ ಇವಳೊಬ್ಬಳೇ ಹೆಣ್ಣು. ಕಳಿಸಬೇಡವೆಂದು ನೆಂಟರೆಲ್ಲ ಹೇಳಿದ್ದರು. ತಂದೆ ಗನಿಸಾಬ ಕಟ್ಟಿಗೆ ಡಿಪೋದಲ್ಲಿ ಇಂಜಿನ್ ಮೆಕ್ಯಾನಿಕ್. ಯಂತ್ರ ಕಲಿಯುತ್ತೇನೆಂದವರನ್ನು ತಡೆಯುವುದು ಅವನಿಗೆ ಗೊತ್ತಿರಲಿಲ್ಲ.

ಆ ವರ್ಷ ಡಿಪೋದ ದವಾಖಾನೆಗೆ ಯುದ್ಧದಲ್ಲಿ ಬಳಸಿದ್ದ ಸಣ್ಣ ಎಕ್ಸ್‌ರೇ ಯಂತ್ರವೊಂದು ಬಂದಿತ್ತು. ಅದಕ್ಕೆ ವಿದ್ಯುತ್ತು ಗನಿಸಾಬನ ಇಂಜಿನ್ನಿನಿಂದಲೇ. ಸಿರಾಜುನ್ನಿಸಾ ಅದನ್ನು ನೋಡಲು ಹೋದ ದಿನವೇ ಅದೇ ಜಿಲ್ಲೆಯ ಇಂದೂರೆಂಬ ಹಳ್ಳಿಯ ಕೂಲಿ ಕರಿಬಸಪ್ಪನ ಕಾಲಿಗೆ ಸಾಗವಾನಿ ದಿಮ್ಮಿ ಬಡಿದಿತ್ತು. ಡಾಕ್ಟರರು ಎದುರಿನಿಂದ ಒಂದು ಚಿತ್ರ ತೆಗೆದು, ಎಲುಬಿಗೆ ಏನೂ ಆಗಿಲ್ಲ, ಬರೀ ಉಳುಕು, ನಾಲ್ಕು ದಿನ ಬಿಟ್ಟು ಕೆಲಸಕ್ಕೆ ಬಾ ಎಂದರು. ಪಾದ ಊರಲು ಹೋದ ಕರಿಬಸಪ್ಪನ ಮುಖ ಬೆವರಿತು.

ಸಿರಾಜುನ್ನಿಸಾ ಫಿಲ್ಮು ಕೇಳಿ ಪಡೆದು ಬೆಳಕಿಗೆ ಹಿಡಿದಳು. ಪಕ್ಕದಿಂದಲೂ ಒಂದು ತೆಗೆಯಬೇಕೆಂದಳು.

"ನೀ ಇನ್ನೂ ಕಲಿಯಾಕಿ," ಎಂದರು ಡಾಕ್ಟರರು.

"ಹೌದ್ರಿ. ಅದಕ್ಕ ನೆನಪೈತಿ. ಎರಡೂ ಕಡಿಂದ ನೋಡದ ಎಲುಬು ಗಟ್ಟಿ ಐತಿ ಅನಬ್ಯಾಡ್ರಿ ಅಂತ ಮೊನ್ನಿ ಮೊನ್ನಿನ ಕಲಿಸ್ಯಾರ."

ಡಾಕ್ಟರರು ಉತ್ತರಿಸುವ ಮೊದಲೇ ಕರಿಬಸಪ್ಪ ಮೆಲ್ಲಗೆ, "ಕಾಲು ನಂದೈತ್ರಿ. ತಗೀಲಿ ಬಿಡ್ರಿ," ಎಂದ.

ಅವಳು ಅವನನ್ನು ಮಗ್ಗುಲಾಗಿ ಮಲಗಿಸಿ, ಪಾದ ಅಲುಗಾಡದಂತೆ ಮರಳಿನ ಚೀಲ ಒತ್ತಿಟ್ಟಳು. ಇಂಜಿನ್ನಿನ ವೇಗ ಒಂದಿಷ್ಟೂ ಏರಿಳಿಯಬಾರದೆಂದು ತಂದೆಗೆ ಹೇಳಿ ಕಳಿಸಿದಳು. ಎಲ್ಲರನ್ನೂ ಹೊರಗೆ ನಿಲ್ಲಿಸಿ ಚಿತ್ರ ತೆಗೆದಳು. ಕತ್ತಲೆ ಮಾಡಿದ ಉಗ್ರಾಣದಲ್ಲಿ ತೊಳೆದ ಫಿಲ್ಮನ್ನು ಹಸಿಯಾಗಿಯೇ ತಂದು ಕಿಟಕಿಗೆ ಹಿಡಿದಾಗ, ಪಾದದ ಹರಡಿನ ಮೇಲಿನ ಎಲುಬಿನಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಗೆರೆ ಓರೆಯಾಗಿ ಇಳಿದಿತ್ತು.

ಡಾಕ್ಟರರು ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ಪ್ಲಾಸ್ಟರ್ ಅವರೇ ಕಲಸಿ ಕಟ್ಟಿದರು. ಕೈ ತೊಳೆದುಕೊಳ್ಳುತ್ತ, "ತಪ್ಪು ನಂದು. ರಜಾ ಮುಗಿಯೂತನಕ ಯಂತ್ರ ನೀನ ನಡಸು. ನಾ ಬಾಜೂಕ ನಿಂತು ಕಲೀತೇನಿ," ಎಂದರು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕರಿಬಸಪ್ಪ ಕುಂಟದೆ ನಡೆದ. ಅಷ್ಟರಲ್ಲಿ ಸಿರಾಜುನ್ನಿಸಾ ಎರಡೂ ಫಿಲ್ಮುಗಳನ್ನು ತೆಗೆದುಕೊಂಡು ಕಾಲೇಜಿಗೆ ಮರಳಿದ್ದಳು. ಅವಳ ಪ್ರೊಫೆಸರರು ಅವನ್ನು ಅಕ್ಕಪಕ್ಕ ತೂಗುಹಾಕಿ ಒಂದು ತಾಸು ಪಾಠ ಮಾಡಿದರಂತೆ. ಹಾಗೆಂದು ಅವರು ಡಾಕ್ಟರರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆದಿದ್ದರು. ಡಾಕ್ಟರರು ಅದನ್ನು ಗನಿಸಾಬನಿಗೆ ಎರಡು ಸಲ ಓದಿ ಅರ್ಥ ಹೇಳಿದರು.

"ಇದರಾಗ ಆಕಿ ಹೆಸರು ಎಲ್ಲೈತ್ರಿ?" ಎಂದು ಗನಿಸಾಬ ಕೇಳಿದ.

ಡಾಕ್ಟರರು ಬೆರಳಿಟ್ಟು ತೋರಿಸಿದರು. ಹೊರಗೆ ಇಂಜಿನ್ ಕೆಟ್ಟ ಲಾರಿಯವನು ಅವನನ್ನು ಕೂಗುತ್ತಿದ್ದ. ಗನಿಸಾಬ ಅಲ್ಲಿಂದ ಕದಲದೆ ಆ ಹೆಸರನ್ನೇ ನೋಡುತ್ತ ನಿಂತ.