ಗಿಡ್ಡವಾದ ತೋಟಾ

ನನ್ನ ಗಂಡ ಡೆಲ್ಬರ್ಟ್ ಒಳ್ಳೆಯವನು. ಆ ವಿಷಯ ಅವನಿಗೇ ಚೆನ್ನಾಗಿ ಗೊತ್ತಿರುವುದೊಂದೇ ತೊಂದರೆ. ಟೆಕ್ಸಸ್‌ನ ನಮ್ಮ ಈ ಮೂಲೆಯಲ್ಲಿ ಶೆರೀಫ್‌ಗೆ ಫೋನ್ ಮಾಡಿದರೆ ಅವನು ಬರುವಷ್ಟರಲ್ಲಿ ಪಾಸ್ಟರ್ ಉಪದೇಶವೂ ಮುಗಿದು ಊಟವೂ ಮುಗಿದಿರುತ್ತದೆ. ಹಾಗಾಗಿ ನಮ್ಮ ಚರ್ಚಿನಲ್ಲಿ ಭಾನುವಾರ ಕೆಲವರು ಕೋಟಿನೊಳಗೆ ಪಿಸ್ತೂಲು ಇಟ್ಟುಕೊಂಡು ಬಾಗಿಲ ಬಳಿ ಕೂರುತ್ತಾರೆ. ಆ ಕಾವಲಿಗೆ ಡೆಲ್ಬರ್ಟನೇ ಯಜಮಾನ.

ಬಾಗಿಲ ಎಡಗಡೆಯ ಕುರ್ಚಿ ನನ್ನ ಭಾವ ರಾಯ್ಸ್‌ನದಾಗಿತ್ತು. ಕಳೆದ ಚಳಿಗಾಲದಲ್ಲಿ ಅವನು ತೀರಿಕೊಂಡ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ. ಅವನ ಹೆಂಡತಿ, ನನ್ನ ಅಕ್ಕ ಒಲೀಟಾ, ಅಂದಿನಿಂದಲೂ ಚರ್ಚಿಗೆ ಬರುತ್ತಿದ್ದಳು, ಆದರೆ ಬಾಯಿ ತೆರೆದು ಹಾಡುತ್ತಿರಲಿಲ್ಲ.

"ಆ ಖಾಲಿ ಕುರ್ಚಿ ಬೆನ್ನ ಹಿಂದಿದ್ರೆ ನಂಗೆ ಗಂಟಲೇ ಏಳಲ್ಲ ಕಣೆ," ಎಂದಳು ಒಂದು ದಿನ. "ನಾನೇ ಕೂತ್ಕೊಳ್ತೀನಿ ಅಲ್ಲಿ."

ಹೆಂಗಸರು ಕೂರಬಾರದೆಂಬ ನಿಯಮವೇನೂ ಇರಲಿಲ್ಲ, ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ ಅಷ್ಟೇ. ಇದ್ದದ್ದು ಡೆಲ್ಬರ್ಟನ ನಿಯಮ. ದಿನವೂ ಸೊಂಟದಲ್ಲಿರುವ ಪಿಸ್ತೂಲನ್ನೇ, ಅದರಲ್ಲಿ ದಿನವೂ ಇರುವ ತೋಟಾಗಳನ್ನೇ ಅವನೆದುರು ಹಾರಿಸಬೇಕು. ಒಂದೇ ಒಂದು ಸಲ ತೋಟಾ ಒಳಗೆ ಸಿಕ್ಕಿಹಾಕಿಕೊಂಡರೂ ಕುರ್ಚಿ ಇಲ್ಲ.

ಒಲೀಟಾ ಅಂಗೈಯಗಲದ ಪಿಸ್ತೂಲೊಂದನ್ನು ಕೊಂಡು ತಂದಳು. ಡೆಲ್ಬರ್ಟ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇದು ಪಿಸ್ತೂಲಾ, ಕೀಚೈನಾ?"

"ನಿನ್ ಹೊಟ್ಟೆ ಕೆಳಗೆ ಇಟ್ಕೊಂಡ್ರೆ ಹುಡುಕಕ್ಕೆ ಜನ ಕರೀಬೇಕು, ನಿಜ," ಎಂದಳು ಅವಳು. "ನಂಗೆ ಸರಿಹೋಗತ್ತೆ."

ಸರಿಹೋಗಲು ಕಾಲ ಹಿಡಿಯಿತು. ಹೊಸ ಪಿಸ್ತೂಲಿನ ಸ್ಪ್ರಿಂಗ್ ಎಷ್ಟು ಬಿಗಿಯಾಗಿತ್ತೆಂದರೆ ಮೇಲಿನ ಸ್ಲೈಡನ್ನು ಹಿಂದಕ್ಕೆಳೆಯಲು ಅವಳು ಹಲ್ಲು ಕಚ್ಚಬೇಕಿತ್ತು. ಶನಿವಾರ ಬಂತೆಂದರೆ ನಾವಿಬ್ಬರೂ ಅವಳ ಹುಲ್ಲುಗಾವಲಿನ ಮಣ್ಣುದಿಬ್ಬದ ಮುಂದೆ ಹಾಜರು. ಅವಳು ಹಾರಿಸುವುದು, ನಾನು ಪಿಕಪ್ಪಿನ ಹಿಂಬದಿಯಲ್ಲಿ ಕೂತು ತೋಟಾ ತುಂಬುತ್ತಾ ಐಸ್ ಟೀ ಕುಡಿಯುವುದು. ಮೊದಮೊದಲು ಹಾರಿಸಿದ ತೋಟಾದ ಖಾಲಿ ಕೊಳವೆ ಹೊರಗೆ ಚಿಮ್ಮದೆ ಸ್ಲೈಡಿನ ಕಿಂಡಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಅರ್ಧ ತಪ್ಪು ಹೊಸ ಸ್ಪ್ರಿಂಗಿನದು, ಅರ್ಧ ಅವಳ ಸಡಿಲ ಮಣಿಕಟ್ಟಿನದು. ಹಿಡಿತ ಬಿಗಿಯಾಯಿತು, ಸ್ಪ್ರಿಂಗ್ ಪಳಗಿತು. ದುಂಡುಮೂತಿಯ ಅಗ್ಗದ ತೋಟಾಗಳು ಸಲೀಸಾಗಿ ಓಡತೊಡಗಿದವು.

ಆದರೆ ಚರ್ಚಿನಲ್ಲಿ ಅವು ನಡೆಯುವುದಿಲ್ಲ. ಅವು ಒಬ್ಬನ ಮೈಯನ್ನು ತೂರಿ ಆಚೆ ಹೋಗಿ ಹಿಂದಿನ ಬೆಂಚಿನವರಿಗೂ ತಗಲಬಹುದು. ಅಲ್ಲಿಗೆ ತುದಿಯಲ್ಲಿ ಕುಳಿ ಇರುವ, ತಗಲಿದಲ್ಲೇ ಅರಳಿ ನಿಲ್ಲುವ ಗುಂಡೇ ಆಗಬೇಕು. ಒಲೀಟಾ ತಂದ ಮೊದಲ ಪೆಟ್ಟಿಗೆಯವು ಅಗಲ ಬಾಯಿಯವು. ಒಳಗೇರುವಾಗ ಮೂತಿ ಗುದ್ದಿಕೊಂಡು ನಿಂತೇಬಿಟ್ಟವು. ತೆಗೆದು ನೋಡಿದರೆ ಗುಂಡು ಹಿತ್ತಾಳೆಯ ಕೊಳವೆಯೊಳಕ್ಕೆ ತಳ್ಳಲ್ಪಟ್ಟಿತ್ತು.

"ಇಂಥದ್ದನ್ನ ಹಾರಿಸ್ಬೇಡಮ್ಮ," ಎಂದ ತೋಟಾ ಮಾರಿದ ಅಂಗಡಿಯವನು, ಒಯ್ದು ತೋರಿಸಿದಾಗ. "ಒಳಗೆ ಜಾಗ ಕಮ್ಮಿಯಾದ್ರೆ ಒತ್ತಡ ಏರತ್ತೆ. ಪಿಸ್ತೂಲೇ ಕೈಲಿ ಸಿಡಿದೀತು."

ಅಂದಿನಿಂದ ಒಲೀಟಾಗೆ ಒಂದು ಚಟ ಅಂಟಿತು. ಕಣ್ಣಿಗೆ ಬಿದ್ದ ತೋಟಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಬಗ್ಗಿ, ಎತ್ತರ ನೋಡುವುದು. ಕೊನೆಗೆ ಮೂತಿ ಸ್ವಲ್ಪ ದುಂಡಗಿದ್ದ ಇನ್ನೊಂದು ಬಗೆ ಅವಳ ಪಿಸ್ತೂಲಿಗೆ ಒಗ್ಗಿತು. ಅವಳು ಅಲ್ಲೇ ನನ್ನ ಕೈ ಹಿಡಿದು ಕುಣಿದಳು. ದನಗಳು ಮೇಯುವುದು ಬಿಟ್ಟು ನೋಡಿದವು.

ಪರೀಕ್ಷೆಯ ದಿನ ಪಾಸ್ಟರ್ ಕೂಡ ಬಂದಿದ್ದರು. ಡೆಲ್ಬರ್ಟ್ ಮೊದಲು ತಾನೇ ಹಾರಿಸಿ ತೋರಿಸುವುದಾಗಿ ಹೇಳಿ, ದಿನವೂ ಇರುವ ತೋಟಾಗಳೇ ಎಂದು ಎಲ್ಲರೂ ನೋಡಲಿ ಅಂತ ಪಿಸ್ತೂಲು ಬರಿದು ಮಾಡಿ ಅವನ್ನು ಮೇಜಿನ ಮೇಲಿಟ್ಟ. ಒಲೀಟಾ ಸುಮ್ಮನಿರುವವಳೇ? ಸಾಲು ನಿಲ್ಲಿಸಿದಳು, ಬಗ್ಗಿದಳು.

"ಡೆಲ್ಬರ್ಟ್, ಇದೊಂದು ಬೇಡ."

"ಯಾಕೆ, ಹೆದರಿಕೆ ಶುರುವಾಯ್ತಾ?"

"ಇದು ಗಿಡ್ಡ ಆಗಿದೆ. ಬಗ್ಗಿ ನೋಡು."

ನನಗೆ ಆಗಲೇ ಹೊಳೆದದ್ದು. ಮೊಮ್ಮಕ್ಕಳು ಓಡಾಡುವ ಮನೆ ಎಂದು ಅವನು ರಾತ್ರಿ ಪಿಸ್ತೂಲು ಬರಿದು ಮಾಡುತ್ತಾನೆ, ಬೆಳಗ್ಗೆ ಮತ್ತೆ ತುಂಬುತ್ತಾನೆ. ಆದರೆ ಮೇಲೆ ಕೂರುವುದು ಯಾವಾಗಲೂ ಅದೇ ತೋಟಾ. ದಿನವೂ ಒಳಗೇರುವಾಗ ಅದೇ ಮೂತಿಗೆ ಅದೇ ಗುದ್ದು, ಗುಂಡು ಇಷ್ಟಿಷ್ಟೇ ಕೊಳವೆಯೊಳಕ್ಕೆ ಸರಿದಿದೆ. ಎಂಥ ಜೋಪಾನದ ಗಂಡ ಎಂದು ನಾನು ಮೆಚ್ಚಿಕೊಂಡು ಕಾಫಿ ಸೋಸುತ್ತಿದ್ದೆ!

ಡೆಲ್ಬರ್ಟನ ಕಿವಿ ಕೆಂಪಾಯಿತು. ಪಾಸ್ಟರ್ ಎದುರಿಗೇ ಹೀಗಾಯಿತಲ್ಲ, ಇನ್ನು ಅಕ್ಕನಿಗೆ ಕುರ್ಚಿ ಸಿಕ್ಕಿದ ಹಾಗೇ ಎಂದುಕೊಂಡೆ. ಇವಳು ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ಒಂದು ಗಳಿಗೆ ಅನ್ನಿಸಿಯೂಬಿಟ್ಟಿತು. ಸಿಡಿದರೆ ಹೋಗುವುದು ನನ್ನ ಗಂಡನ ಕೈ ಎಂದು ನೆನಪಾದಾಗ ನಾನೂ ಮೇಜಿನ ಹತ್ತಿರಕ್ಕೆ ಸರಿದು ನಿಂತೆ.

ಅವನು ಬಗ್ಗಿದ. ಹೊಸ ತೋಟಾದ ಪಕ್ಕ ಇಟ್ಟು ನೋಡಿದ. ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದ. ಆಮೇಲೆ ಅದನ್ನು ಕೆಟ್ಟ ತೋಟಾಗಳ ಡಬ್ಬಿಗೆ ಹಾಕಿದ.

"ನೀನೇ ಮೊದಲು ಹಾರಿಸು," ಎಂದ.

ಒಲೀಟಾ ಹಾರಿಸಿದಳು. ಕೀಚೈನು ಒಂದು ಸಲವೂ ಕೆಮ್ಮಲಿಲ್ಲ. ಗುರಿಯ ಕಾಗದದ ನಡುವೆ ಕೈತುತ್ತಿನಷ್ಟು ತೂತು.

"ಭಾನುವಾರ ಬೇಗ ಬಾ," ಎಂದ ಡೆಲ್ಬರ್ಟ್. "ಆ ಕುರ್ಚಿ ಸ್ವಲ್ಪ ಕುಂಟತ್ತೆ. ರಾಯ್ಸ್ ಕಾಲಡಿಗೆ ಕಾಗದ ಮಡಿಸಿ ಇಡ್ತಿದ್ದ."

"ಗೊತ್ತು," ಎಂದಳು ಅಕ್ಕ. "ಆ ಕಾಗದ ಮಡಿಸ್ಕೊಡ್ತಿದ್ದೋಳು ನಾನೇ."

ಭಾನುವಾರ ನಾವು ಹೋದಾಗ ನೀಲಿ ಉಡುಪಿನಲ್ಲಿ ಅವಳು ಕೂತಾಗಿತ್ತು. ಡೆಲ್ಬರ್ಟನನ್ನು ಬಾಗಿಲಲ್ಲೇ ತಡೆದಳು.

"ಮೇಲಿನದು ಬದಲಾಯ್ಸಿದ್ಯಾ?"

"ಬದಲಾಯ್ಸಿದೆ ಮಾರಾಯ್ತಿ. ಬೇಕಾದ್ರೆ ನಿನ್ ತಂಗೀನ ಕೇಳು."

"ಹೂಂ, ನಾನೇ ನಿಂತು ಹಾಕಿಸ್ದೆ," ಎಂದೆ.

ನಮ್ಮ ಬೆಂಚಿನಲ್ಲಿ ಕೂತೆವು. ಪಿಯಾನೋ ಶುರುವಾಯಿತು, ಎಲ್ಲರೂ ಎದ್ದೆವು. ಮೊದಲ ಸಾಲು ಮುಗಿಯುವಷ್ಟರಲ್ಲಿ ಹಿಂದೆ ಬಾಗಿಲ ಬಳಿಯಿಂದ ರಾಗ ತಪ್ಪಿದ, ಗೊಗ್ಗರು, ದೊಡ್ಡ ದನಿಯೊಂದು ಬಂದು ಸೇರಿಕೊಂಡಿತು. ಚಿಕ್ಕಂದಿನಿಂದ ನನಗೆ ನಾಚಿಕೆ ತರಿಸುತ್ತಿದ್ದ ದನಿ ಅದು. ಡೆಲ್ಬರ್ಟ್ ತಿರುಗಿ ನೋಡದೆ ನನ್ನ ಕೈಗೆ ಕರವಸ್ತ್ರ ತುರುಕಿದ.