ನಾಲ್ಕು ಬೆರಳಿನ ಸಂದಿ

ಕಸ್ತೂರೆವ್ವನ ಬಲಗಣ್ಣಿನ ಪೊರೆ ತೆಗೆದು ಇನ್ನೂ ಒಂದು ತಾಸಾಗಿರಲಿಲ್ಲ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಆಚೀಚೆ ಉಸುಕಿನ ಚೀಲ ಇಟ್ಟು ಅವಳನ್ನು ಅಂಗಾತ ಮಲಗಿಸಿದ್ದರು. "ಕೆಮ್ಮಬ್ಯಾಡ್ರಿ, ತಲಿ ಎತ್ತಬ್ಯಾಡ್ರಿ. ಹೊಲಿಗಿ ಬಿಚ್ಚಿದ್ರ ಕಣ್ಣು ಹೋತು ಅಂತ ತಿಳ್ಕೋರಿ," ಎಂದು ನರ್ಸ್ ಶಮೀಮಾಬಿ ಮೂರು ಸಲ ಹೇಳಿ, ಶಾಲೆಯೊಳಗೆ ಮಲಗಿದ್ದ ಉಳಿದವರನ್ನು ನೋಡಲು ಇಳಿದು ಹೋಗಿದ್ದಳು. ಡಾಕ್ಟರು ಊಟಕ್ಕೆ ಊರೊಳಗೆ ಹೋಗಿದ್ದರು.

ಅದು ಶಲವಡಿಯ ಶಾಲೆಯ ಬಯಲಿನಲ್ಲಿ ನಿಂತಿದ್ದ ಕಣ್ಣಿನ ದವಾಖಾನೆಯ ಗಾಡಿ. ಎಂಬತ್ತೇಳನೆಯ ಇಸವಿಯಲ್ಲಿ ಹೊರದೇಶದ ಯಾರೋ ದಾನಿಗಳು ಕೊಟ್ಟದ್ದು. ರಸ್ತೆಯ ಮೇಲೆ ಬಸ್ಸಿನಷ್ಟೇ ಅಗಲ. ನಿಂತ ಮೇಲೆ ಡ್ರೈವರ್ ಹೊಳೆಪ್ಪ ಒಂದು ಗುಂಡಿ ಒತ್ತಿದರೆ ಎಡಗೋಡೆಯ ದೊಡ್ಡದೊಂದು ಭಾಗ, ಅದಕ್ಕೆ ಅಂಟಿದ ಕಬ್ಬಿಣದ ಬೀರುಗಳ ಸಮೇತ, ಮೇಜಿನ ಖಾನೆ ಎಳೆದ ಹಾಗೆ ಹೊರಗೆ ಸರಿಯುತ್ತಿತ್ತು. ಒಳಗೆ ಒಂದು ಕೋಣೆಯಷ್ಟು ಜಾಗ ತೆರೆದುಕೊಳ್ಳುತ್ತಿತ್ತು. ಆ ಜಾಗದಲ್ಲೇ ಕಸ್ತೂರೆವ್ವನ ಮಂಚ. ಅದರ ಬಲಮಗ್ಗುಲು ಗಾಡಿಯ ಗಟ್ಟಿ ಗೋಡೆಗೆ ತಾಗಿತ್ತು. ಎಡಕ್ಕೆ, ಕೈ ಚಾಚಿದರೂ ಸಿಗದಷ್ಟು ದೂರದಲ್ಲಿ, ಬೀರುಗಳ ಸಾಲು.

ಮೊದಲು ಅವಳಿಗೆ ತಿಳಿದದ್ದು ವಾಸನೆ. ಸುಟ್ಟ ಎಣ್ಣೆಯ ವಾಸನೆ. ಆಮೇಲೆ ಯಾರೋ ಹಲ್ಲು ಕಡಿದಂಥ ಸಣ್ಣ ಸಪ್ಪಳ. ಯಾರಾದರೂ ಒಳಗೆ ಬಂದರೇ ಎಂದು ಎಡಗೈ ಚಾಚಿದಳು. ಬೆರಳಿಗೆ ತಣ್ಣನೆಯ ತಗಡು ತಾಗಿತು.

ಅಲ್ಲಿ ತಗಡು ಇರಬಾರದಾಗಿತ್ತು. ಅವಳು ಕೈ ಅಲ್ಲೇ ಇಟ್ಟುಕೊಂಡು ಕಾದಳು. ಮೊಣಕೈ ತಾನಾಗಿ ಮಡಚುತ್ತ ಬಂತು. ಅವಳೇನೂ ಮಡಚಿರಲಿಲ್ಲ, ಬೀರು ನೂಕುತ್ತಿತ್ತು.

ಒದರಿದರೆ ಕಣ್ಣಿಗೆ ಏನಾಗುವುದೋ ಎಂದು ಹೆದರಿ, ಕೈ ಮುಷ್ಟಿ ಮಾಡಿ ತಗಡನ್ನು ಬಡಿದಳು. ಬಹಳ ಹೊತ್ತು ಬಡಿದ ಮೇಲೆ ಹೊರಗೆ ಓಡಿಬಂದ ಹೆಜ್ಜೆಗಳು ಕೇಳಿಸಿದವು. ಕಾಲ ಕಡೆಯ ಬಾಗಿಲು ಗಡಗಡ ಅಂದಿತು. ತೆರೆಯಲಿಲ್ಲ.

"ಬೀರು ಬಾಗಲಕ್ಕ ಅಡ್ಡ ಬಂದೈತ್ರಿ," ಶಮೀಮಾಬಿ ಹೊರಗಿನಿಂದ ಕೂಗಿದಳು. "ಒಂದು ಕೈ ಹಿಡಸೂ ಅಷ್ಟ ಸಂದಿ ಐತಿ." ಆ ಸಂದಿಯಲ್ಲೇ ಅವಳ ಕೈ ಒಳಗೆ ಬಂದು ಕಸ್ತೂರೆವ್ವನ ಕಾಲಿನ ಹೆಬ್ಬೆರಳು ಹಿಡಿಯಿತು. "ಏಳಬ್ಯಾಡ್ರಿ. ನಾ ಇಲ್ಲೇ ಅದೀನ್ರಿ."

"ಸರದು ಬರಾಕತ್ತೈತಿ ಇದು," ಎಂದಳು ಕಸ್ತೂರೆವ್ವ.

ಹೊಳೆಪ್ಪ ಮುಂದಿನ ಕಡೆಯಿಂದ ಗುಂಡಿ ಒತ್ತಿದ. ಮೋಟರು ಗೊರ್ರ್ ಅಂದಿತು. ಬೀರು ಒಂದು ಬೆರಳಷ್ಟು ಹಿಂದೆ ಹೋಯಿತು. ಮೋಟರು ನಿಂತ ಕೂಡಲೇ ಮೊದಲಿಗಿಂತ ಜೋರಾಗಿ ಬಂದು ಅವಳ ಬೆರಳಿನ ಗಂಟುಗಳಿಗೆ ಬಡಿಯಿತು. ಎಣ್ಣೆಯ ವಾಸನೆ ಗಂಟಲಿಗೆ ಹತ್ತಿತು. ಕೆಮ್ಮು ಬಂತು. ತುಟಿ ಕಚ್ಚಿ ಅದನ್ನು ನುಂಗಿದಳು. ಪಟ್ಟಿಯ ಒಳಗೆ ನೀರೋ ರಕ್ತವೋ ಬಿಸಿಯಾಗಿ ಏನೋ ಇಳಿಯಿತು.

"ಅವನಿಗೆ ಒತ್ತಬ್ಯಾಡ ಅಂತ ಹೇಳವ್ವಾ," ಎಂದಳು. "ಒತ್ತಿದಾಗೊಮ್ಮೆ ಜೋರ ಬರತೈತಿ."

ಅಷ್ಟರಲ್ಲಿ ಗೋಡೆಯ ಕೆಳಗಿನಿಂದ ಪರಿಚಯದ ದನಿ ಬಂತು. ಅವಳ ಮನೆಯ ಟ್ರ್ಯಾಕ್ಟರು ರಿಪೇರಿ ಮಾಡುವ ದಾವೂದಸಾಬ. ಅವನ ಶೆಡ್ಡು ಶಾಲೆಯ ಬಾಜೂಕ್ಕೇ ಇತ್ತು.

"ಅವ್ವಾರ, ಖರೇ ಹೇಳಿದ್ರಿ. ಗುಂಡಿ ಯಾರೂ ಮುಟ್ಟಬ್ಯಾಡ್ರಿ. ಪೈಪ್ ಒಡಕಾಗೇತಿ. ಇನ್ನೊಮ್ಮೆ ಒತ್ತಿದ್ರ ಪೂರಾ ಹರೀತೈತಿ."

"ಹರದ್ರ ಏನಕ್ಕೈತೋ ದಾವೂದಾ?"

ಅವನು ಗೋಡೆಗೆ ಇನ್ನೂ ಹತ್ತಿರ ಬಂದು ಹೇಳಿದ.

"ನಿಮ್ಮ ಟ್ರಾಲಿ ಎತ್ತೂ ಜ್ಯಾಕ್ ನೋಡೀರಲ್ರಿ? ಇದೂ ಅಂಥಾದ್ದ. ಕೊಳವಿ ಒಳಗ ಎಣ್ಣಿ ತುರುಕಿದ್ರ ದಂಡ ಹೊರಗ ಬರತೈತಿ, ಅದರ ಸಂಗಾಟ ಗ್ವಾಡಿ ಸರೀತೈತಿ. ಎಣ್ಣಿ ಒಳಗ ಇರೂ ತನಕ ಗ್ವಾಡಿ ನಿಂತಿರತೈತಿ. ಈಗ ಎಣ್ಣಿ ಸೋರಾಕತ್ತೈತಿ. ನಿನ್ನಿ ಮಳಿಗೆ ಎರಿ ಮಣ್ಣಾಗ ಬಲಗಡೆ ಗಾಲಿ ಹುಗದು ಗಾಡಿ ವಾಲೇತಿ. ಅದಕ್ಕ ಭಾರ ಎಲ್ಲಾ ನಿಮ್ಮ ಕಡಿ ಬಿದ್ದೈತಿ."

ಅವಳಿಗೆ ಚೆನ್ನಾಗಿ ತಿಳಿಯಿತು. ಸಂಜೆ ಎತ್ತಿ ನಿಲ್ಲಿಸಿದ ಟ್ರಾಲಿ ಯಾರೂ ಮುಟ್ಟದೆ ಬೆಳಗಾಗುವುದರೊಳಗೆ ಇಳಿದು ಕೂತದ್ದನ್ನು ಅವಳು ಕಂಡಿದ್ದಳು. ಅದಕ್ಕೆ ಸಿಟ್ಟಿಲ್ಲ, ಅವಸರವಿಲ್ಲ. ಕೆಳಗೆ ಏನಿದೆ ಎಂಬ ಖಬರೂ ಇಲ್ಲ. ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿತು.

"ನೀವು ಸಂದಿ ಅಳತಿ ಹೇಳತಿರ್ರಿ," ಎಂದ ದಾವೂದಸಾಬ. "ಒಳಗಿಂದು ನನಗ ಕಾಣೂದಿಲ್ಲ."

ಮಂಚದ ಅಂಚಿಗೂ ಬೀರಿಗೂ ನಡುವೆ ಅವಳು ಬೆರಳು ಇಟ್ಟಳು. "ನಾಲ್ಕು ಬೆರಳ."

ಹೊರಗೆ ಅವನು ಹೊಳೆಪ್ಪನಿಗೆ ಹೇಳುತ್ತಿದ್ದುದು ಕೇಳಿಸುತ್ತಿತ್ತು. ಹೊರಗೆ ಚಾಚಿದ ಕೋಣೆಯ ಸುತ್ತ ಒಂದು ದಪ್ಪ ಅಂಚು ಇತ್ತು. ಕೋಣೆ ಪೂರ್ತಿ ಒಳಗೆ ಹೋದಾಗ ಆ ಅಂಚು ಗಾಡಿಯ ಮೈಗೆ ಹತ್ತಿ ಕೂಡುತ್ತಿತ್ತು. ಅಂಚಿಗೂ ಮೈಗೂ ನಡುವೆ ಅಡ್ಡಲಾಗಿ ಕಟ್ಟಿಗೆ ಕೊಟ್ಟರೆ ಎಣ್ಣೆ ಎಲ್ಲ ಸೋರಿದರೂ ಕೋಣೆ ಒಳಗೆ ಬರುವಂತಿಲ್ಲ. ಎರಡೂ ತುದಿಗೆ ಒಂದೊಂದು ಬೇಕು. ಶೆಡ್ಡಿನಲ್ಲಿ ಜಾಲಿಯ ತುಂಡುಗಳಿದ್ದವು.

"ಮೂರು ಬೆರಳ," ಎಂದಳು.

ತಲೆಯ ಕಡೆಯ ತುದಿಗೆ ಒಂದು ತುಂಡು ಕೂತಿತು. ಸುತ್ತಿಗೆಯ ಹೊಡೆತಕ್ಕೆ ಗಾಡಿಯೆಲ್ಲ ಅದುರಿ ಅವಳ ಹಲ್ಲು ಕಟಕಟ ಅಂದವು. ಬಾಗಿಲ ಕಡೆಯ ತುದಿ ಹೆಚ್ಚು ಒಳಗೆ ಬಂದಿದ್ದರಿಂದ ಇನ್ನೊಂದು ತುಂಡು ಉದ್ದವಾಯಿತು. ಗರಗಸದ ಸಪ್ಪಳ ಶುರುವಾಯಿತು. ಜಾಲಿ ಕಲ್ಲಿನಂಥ ಕಟ್ಟಿಗೆ. ಗರಗಸ ಎಳೆದಷ್ಟೂ ಮುಗಿಯುವಂತೆ ಕಾಣಲಿಲ್ಲ.

"ಎರಡ."

ಶಮೀಮಾಬಿ ಬಾಗಿಲ ಸಂದಿಯಲ್ಲಿ ಸಣ್ಣಗೆ ದುವಾ ಹೇಳುತ್ತಿದ್ದಳು. ಕಸ್ತೂರೆವ್ವ ಒಳಗೊಳಗೇ ಶಿವಶಿವಾ ಅಂದುಕೊಂಡಳು. ಎದ್ದು ತಲೆಯ ಕಡೆಗೆ ತೆವಳಿದರೆ ಜೀವ ಉಳಿದೀತು, ಕಣ್ಣು ಹೋದೀತು. ಕಣ್ಣು ಹೋದರೆ ಹೋಗಲಿ ಎಂದುಕೊಂಡು ಕತ್ತು ಎತ್ತುವಷ್ಟರಲ್ಲಿ ನರ್ಸಿನ ಕೈ ಅವಳ ಹೆಬ್ಬೆರಳನ್ನು ಬಿಗಿಯಾಗಿ ಹಿಡಿಯಿತು. ಅವಳು ಮತ್ತೆ ತಲೆ ಇಟ್ಟಳು.

"ಅವ್ವಾರ, ಎಷ್ಟ ಉಳದೈತ್ರಿ?"

"ಒಂದ," ಎನ್ನುವುದರೊಳಗೆ ಬೀರಿನ ಅಂಚು ಅವಳ ನಡುಬೆರಳನ್ನೂ ಉಂಗುರದ ಬೆರಳನ್ನೂ ಮಂಚದ ಕಬ್ಬಿಣಕ್ಕೆ ಒತ್ತಿಹಿಡಿಯಿತು. ಕೈ ಎಳೆದುಕೊಂಡರೆ ಅಳತೆ ತಪ್ಪುತ್ತದೆ ಎಂದು ಇಟ್ಟುಕೊಂಡೇ ಇದ್ದಳು. ಈಗ ಎಳೆಯಲು ಬರಲಿಲ್ಲ. ಮಂಚದ ಪಟ್ಟಿ ಕಿರ್ರ್ ಎಂದು ಬಾಗಿತು. ಬೀರು ಅವಳ ಸೊಂಟಕ್ಕೆ ಹತ್ತಿತು. ಅದೇ ಹೊತ್ತಿಗೆ ಹೊರಗೆ ಪಟ್ ಎಂದು ಪೈಪು ಹರಿಯಿತು. ಎಣ್ಣೆ ನೆಲಕ್ಕೆ ಸುರಿಯುವ ಸಪ್ಪಳ. ಹಿಂದೆಯೇ ಸುತ್ತಿಗೆ, ಒಂದು, ಎರಡು, ಮೂರು. ಏನೋ ದೊಡ್ಡದು ಕಟ್ಟಿಗೆಯ ಮೇಲೆ ಧಪ್ಪನೆ ಕೂತಂತಾಯಿತು.

ಬೀರು ನಿಂತಿತು.

ಅವಳು ಉಸಿರು ಬಿಡಲಿಲ್ಲ. ಬಿಟ್ಟರೆ ಮತ್ತೆ ಸರಿದೀತು ಅನ್ನಿಸಿತ್ತು.

ಟ್ರ್ಯಾಕ್ಟರಿನ ಪೈಪು ಬಿಚ್ಚಿ ತಂದು ಜೋಡಿಸಿ, ಹೊಸ ಎಣ್ಣೆ ಹಾಕಿ, ಕೈಪಂಪಿನಿಂದ ಒಂದೊಂದೇ ಹಿಡಿ ಒತ್ತುತ್ತ ದಾವೂದಸಾಬ ಗೋಡೆಯನ್ನು ಹಿಂದಕ್ಕೆ ಕಳಿಸಲು ಮುಕ್ಕಾಲು ತಾಸು ಹಿಡಿಯಿತು. ಒಮ್ಮೆಯೂ ಅವಸರ ಮಾಡಲಿಲ್ಲ. ಒಂದೊಂದು ಇಂಚು ಸರಿದಾಗಲೂ ಹಿಂದೆ ಹೊಸ ಕಟ್ಟಿಗೆ ಕೊಡುತ್ತಿದ್ದ. ಓಡಿಬಂದ ಡಾಕ್ಟರು ಅವಳನ್ನು ಮಂಚದ ಸಮೇತ ಇಳಿಸಿದರು.

ಬಯಲಿನಲ್ಲಿ ಬಿಸಿಲು ಮೈಗೆ ತಾಗಿದಾಗ ಅವಳು, "ದಾವೂದ ಎಲ್ಲದಾನ?" ಎಂದಳು. ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಅವಳು ಪೆಟ್ಟಾಗದ ಬಲಗೈಯಿಂದ ತಡಕಿ ಅವನ ಮುಂಗೈ ಹಿಡಿದಳು. ಆ ಕೈ ಮೊಣಕೈ ತನಕ ಎಣ್ಣೆಯಲ್ಲಿ ತೊಯ್ದಿತ್ತು.

ಎಂಟು ದಿನಕ್ಕೆ ಪಟ್ಟಿ ಬಿಚ್ಚಿದರು. ಕಣ್ಣು ಉಳಿದಿತ್ತು. ಎರಡು ಬೆರಳು ಸೊಟ್ಟಗೇ ಕೂಡಿದವು. ಗಾಡಿ ಮುಂದೆ ತಂಬೂರು ಎಂಬ ಊರಿಗೆ ಹೋದಾಗ, ಎರಡೂ ತುದಿಗೆ ಕಟ್ಟಿಗೆ ಕೊಟ್ಟ ಮೇಲೆಯೇ ಡಾಕ್ಟರು ಯಾರನ್ನಾದರೂ ಒಳಗೆ ಬಿಡುತ್ತಾರೆ ಎಂದು ಶಮೀಮಾಬಿ ಕಾಗದ ಬರೆದಳು. ಕಸ್ತೂರೆವ್ವ ಆ ಕಾಗದವನ್ನು ತಾನೇ ಓದಿದಳು. ಆದರೆ ಆ ವರ್ಷವೆಲ್ಲ ಅವಳು ಗೋಡೆಯ ಹತ್ತಿರ ಮಲಗಲಿಲ್ಲ. ಹಾಸಿಗೆಯನ್ನು ಪಡಸಾಲೆಯ ನಟ್ಟನಡುವೆ ಹಾಸಿಕೊಂಡು, ನಿದ್ದೆ ಬರುವ ತನಕ ಒಮ್ಮೆ ಈಚೆ, ಒಮ್ಮೆ ಆಚೆ ಕೈ ಚಾಚಿ ನೋಡುತ್ತಿದ್ದಳು.